ಬಸರೀಮಡುವಿನ ಉಪ್ಪು

ಹಳ್ಳಕ್ಕೂ ಗಳಿಕೆ, ನಷ್ಟ ಇರುತ್ತದೆ ಎಂಬುದನ್ನು ನಮ್ಮ ಕಡೆಯ ಜನ ಕಲಿತದ್ದು ಸಿನಿಮಾ ಟಾಕೀಸಿನಲ್ಲಿ. ಸಿನಿಮಾ ನಿಂತುಹೋಗಿ ಎಷ್ಟೋ ವರ್ಷವಾಗಿದ್ದ ಆ ಹಳೇ ಟಾಕೀಸನ್ನು ಹಳ್ಳ ಪ್ರಾಧಿಕಾರದವರು ಬಾಡಿಗೆಗೆ ಹಿಡಿದು ಕಂಟ್ರೋಲ್ ರೂಮ್ ಮಾಡಿದರು. ಪರದೆ ದೊಡ್ಡದಿತ್ತು, ಗೋಡೆ ಗಟ್ಟಿಯಿತ್ತು, ಸೈಕಲ್ ಸ್ಟ್ಯಾಂಡ್ ಕೂಡ ಇತ್ತು. ಸರ್ಕಾರಕ್ಕೆ ಇನ್ನೇನು ಬೇಕು? ಪರದೆಯ ಮೇಲೆ ನಮ್ಮ ಸೀಗೆಹಳ್ಳ ಈ ಕೊನೆಯಿಂದ ಆ ಕೊನೆಗೆ ಅಂಕುಡೊಂಕಾಗಿ ಮಲಗಿರುತ್ತಿತ್ತು. ಹಳ್ಳಕ್ಕೆ ನೆಲದೊಳಗಿಂದ ನೀರು ಸೇರುವ ಕಡೆ ಹಸಿರು, ಹಳ್ಳದ ನೀರು ನೆಲಕ್ಕೆ ಇಳಿದುಹೋಗುವ ಕಡೆ ಕೆಂಪು. ಬಾಲ್ಕನಿಗೆ ಸಾರ್ವಜನಿಕರನ್ನು ಬಿಡಬೇಕೆಂದು ಕಾನೂನಿನಲ್ಲೇ ಇತ್ತು. ಸಂತೆಗೆ ಬಂದವರು ಕಡ್ಲೆಕಾಯಿ ಪೊಟ್ಟಣ ಹಿಡಿದು ಮೇಲೆ ಹತ್ತಿ, ತಮ್ಮೂರಿನ ಬಣ್ಣ ನೋಡಿಕೊಂಡು, ಪಕ್ಕದೂರಿನ ಬಣ್ಣವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿಕೊಂಡು ಇಳಿಯುತ್ತಿದ್ದರು.

ನಾನು ಕೂರುತ್ತಿದ್ದದ್ದು ಕೆಳಗೆ, ಹಿಂದೆ ಗಾಂಧಿ ಕ್ಲಾಸ್ ಇದ್ದ ಜಾಗದಲ್ಲಿ. ಹೆಸರು ತನುಜ, ಕೆಲಸ ಜಲವಿಜ್ಞಾನಿ. ಸೀಗೆಹಳ್ಳದ ಹರಿವು ಅಳೆಯುವ ಡಬ್ಬಿಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂದು ಗುರುತು ಹಾಕಿದವಳು ನಾನೇ.

ಹರಿಯುವ ನೀರು ಕಂಡಷ್ಟು ಸರಳವಲ್ಲ. ಕೆಲವು ಕಡೆ ಅಡಿಯಿಂದ ಒರತೆ ಜಿನುಗಿ ಹಳ್ಳ ಬೆಳೆಯುತ್ತದೆ, ಕೆಲವು ಕಡೆ ಮರಳಿನೊಳಗೆ ಸದ್ದಿಲ್ಲದೆ ಇಳಿದು ಸೊರಗುತ್ತದೆ. ನೋಡುವವರ ಕಣ್ಣಿಗೆ ಎರಡೂ ಒಂದೇ ಹಳ್ಳ. ಹಿಂದಿನವರು ಇದನ್ನು ತಿಳಿಯಲು ವರ್ಷಕ್ಕೊಮ್ಮೆ, ಮಳೆಯಿಲ್ಲದ ಒಂದು ದಿನ, ಹಳ್ಳದುದ್ದಕ್ಕೂ ಹಲವು ಕಡೆ ಇಳಿದು ಹರಿವನ್ನು ಅಳೆಯುತ್ತಿದ್ದರು. ಕೆಳಗಿನ ಅಳತೆಯಲ್ಲಿ ಮೇಲಿನ ಅಳತೆಯನ್ನು ಕಳೆದರೆ ನಡುವಿನ ನೆಲ ಕೊಟ್ಟಿತೋ ಕುಡಿಯಿತೋ ಗೊತ್ತಾಗುತ್ತಿತ್ತು. ಅದೇ ಸಂಗತಿ ವರ್ಷಕ್ಕೊಮ್ಮೆಯ ಬದಲು ಗಂಟೆಗೊಮ್ಮೆ ಗೊತ್ತಾದರೆ? ಈ ಪ್ರಶ್ನೆಯಿಂದ ಡಬ್ಬಿಗಳು ಹುಟ್ಟಿದವು, ಡಬ್ಬಿಗಳಿಂದ ಕಾನೂನು ಹುಟ್ಟಿತು.

ಡಬ್ಬಿಯ ಕೆಲಸ ಯಾರಿಗಾದರೂ ಅರ್ಥವಾಗುವಂಥದ್ದು. ಒಂದು ಚಿಟಿಕೆ ಉಪ್ಪನ್ನು ಚೊಂಬಿನ ನೀರಿಗೆ ಹಾಕಿದರೆ ನಾಲಿಗೆಗೆ ತಿಳಿಯುತ್ತದೆ, ಹಂಡೆಗೆ ಹಾಕಿದರೆ ತಿಳಿಯುವುದಿಲ್ಲ. ಹಾಕಿದ ಉಪ್ಪು ಎಷ್ಟೆಂದು ಗೊತ್ತಿದ್ದರೆ, ಅದು ಎಷ್ಟು ತೆಳುವಾಯಿತೆಂಬುದರಿಂದ ನೀರು ಎಷ್ಟಿದೆ ಎಂದು ಹೇಳಬಹುದು. ನಮ್ಮ ಡಬ್ಬಿ ದಡದ ಮೇಲಿಂದ ಉಪ್ಪುನೀರನ್ನು ಸಣ್ಣಗೆ ಬಿಡುತ್ತಲೇ ಇರುತ್ತದೆ. ಸ್ವಲ್ಪ ಕೆಳಗೆ, ನೀರು ಚೆನ್ನಾಗಿ ಕಲಸಿಕೊಂಡ ಮೇಲೆ, ಅದರ ತಂತಿಯೊಂದು ಆ ಉಪ್ಪಿನ ರುಚಿ ನೋಡುತ್ತದೆ. ಮೇಲಿಂದ ಮೊದಲೇ ಬಂದ ಉಪ್ಪನ್ನು, ಡಬ್ಬಿಗಿಂತ ಮೇಲುಗಡೆ ಇರುವ ಇನ್ನೊಂದು ತಂತಿ ನೋಡಿ ಲೆಕ್ಕದಿಂದ ಕಳೆದುಬಿಡುತ್ತದೆ. ರುಚಿ ಜಾಸ್ತಿಯಾದರೆ ಹಳ್ಳದಲ್ಲಿ ನೀರು ಕಡಿಮೆ, ರುಚಿ ಕಡಿಮೆಯಾದರೆ ನೀರು ಜಾಸ್ತಿ. ಇಷ್ಟೇ. ಆದರೆ ಟೆಂಡರಿನಲ್ಲಿ 'ಉಪ್ಪುನೀರು' ಎಂದು ಬರೆದರೆ ಮೇಲಿನವರು ನಗುತ್ತಾರೆಂದು 'ಟ್ರೇಸರ್ ದ್ರಾವಣ' ಎಂದು ಬರೆದೆವು. ಡಬ್ಬಿಗಳ ಮೇಲೂ ಹಾಗೇ ಬರೆಸಿ, ಪಕ್ಕದಲ್ಲಿ 'ಮುಟ್ಟಬೇಡಿ' ಎಂದು ಸೇರಿಸಿದೆವು. ಜನ ಮುಟ್ಟಲಿಲ್ಲ.

ಕಾನೂನು ಡಬ್ಬಿಗಿಂತಲೂ ಸರಳವಾಗಿತ್ತು. ಹಸಿರಿನ ಊರಿಗೆ ಹಳ್ಳದಿಂದ ನೀರೆತ್ತುವ ಹಕ್ಕು. ಎರಡು ಬೇಸಿಗೆ ಸತತವಾಗಿ ಕೆಂಪಾಗಿ ಉಳಿದ ಊರಿನಲ್ಲಿ ಹಳ್ಳವನ್ನು ಮೇಲಿನ ತುದಿಯಲ್ಲೇ ಪೈಪಿಗೆ ಇಳಿಸಿ ಕೆಳಗಿನ ತುದಿಯಲ್ಲಿ ಹೊರಗೆ ಬಿಡುವುದು. ಹಾಗಾದರೆ ದಾರಿಯಲ್ಲಿ ಒಂದು ಹನಿಯೂ ನೆಲದ ಪಾಲಾಗುವುದಿಲ್ಲ. ಕೆಂಪಿನ ಊರುಗಳಿಗೆ 'ನುಂಗೂರು' ಎಂಬ ಹೆಸರು ತಾನಾಗಿ ಬಂತು. ಕಾನೂನು ಬಂದ ಮರುವರ್ಷವೇ ನುಂಗೂರಿಗೆ ಹೆಣ್ಣು ಕೊಡುವುದಿಲ್ಲ ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಈ ಕಥೆಗೆ ಬೇಕಾದದ್ದು ಎರಡು ಊರು, ಮೂರು ಡಬ್ಬಿ. ಮೇಲಿನ ಡಬ್ಬಿಗೂ ಮಡುವಿನ ಡಬ್ಬಿಗೂ ನಡುವೆ ಬಸರೀಮಡು. ಮಡುವಿನ ಡಬ್ಬಿಗೂ ಕೆಳಗಿನ ಡಬ್ಬಿಗೂ ನಡುವೆ ಕೋರಿಪಾಳ್ಯ. ಬಸರೀಮಡು ಮೊದಲ ಬೇಸಿಗೆಯಲ್ಲಿ ಕೆಂಪು, ಎರಡನೆಯದರಲ್ಲಿ ಕಡುಗೆಂಪು. ಕೋರಿಪಾಳ್ಯ ಎಳೇ ಹಸಿರು. ಕೋರಿಪಾಳ್ಯ ನನ್ನ ಗಂಡನ ಊರು.

*

ಲೋಹಿತ್ ಅಲ್ಲಿ ನರ್ಸರಿ ನಡೆಸುತ್ತಾನೆ. ಸೀತಾಫಲ, ನುಗ್ಗೆ, ಕಸಿ ಮಾವು, ಸಾಲಾಗಿ ಕಪ್ಪು ಕವರುಗಳಲ್ಲಿ. ಎಲ್ಲಕ್ಕೂ ನೀರು ಹಿತ್ತಿಲ ಬಾವಿಯದು. ಆ ಬಾವಿಯ ವಿಷಯ ಬಂದರೆ ನಮ್ಮತ್ತೆ ಸಿದ್ದಗಂಗಮ್ಮನವರಿಗೆ ಕೈಲಿದ್ದ ಕೆಲಸ ಮರೆತುಹೋಗುತ್ತದೆ.

"ನಾನ್ ಈ ಮನೆಗ್ ಬಂದಾಗಿಂದ ಒಂದ್ ದಿನಾನೂ ತಳ ತೋರ್ಸಿಲ್ಲ ಕಣೆ ಇದು," ಎನ್ನುವರು. "ನಮ್ ನೆಲಾನೇ ಅಂಥದ್ದು. ಕೊಡೋ ನೆಲ. ಬಾವಿಗೂ ಕೊಡ್ತೈತೆ, ಹಳ್ಳಕ್ಕೂ ಕೊಡ್ತೈತೆ. ನಿಮ್ ಪರದೇಲಿ ಹಸ್ರು ಬರ್ದೆ ಇನ್ನೇನ್ ಬತ್ತೈತೆ?"

ಇದು ಊರಿನ ಎಲ್ಲರ ಮಾತೂ ಹೌದು. ಬಾವಿ ತುಂಬಿದೆ, ಆದ್ದರಿಂದ ನೆಲ ಕೊಡುವ ನೆಲ. ನನಗೂ ಅದರಲ್ಲಿ ತಪ್ಪೇನೂ ಕಾಣಿಸಿರಲಿಲ್ಲ. ಕಾಣಿಸಬೇಕಿತ್ತು.

ಆ ದಿನಗಳಲ್ಲಿ ನನ್ನ ಬಲಗೈ ತೋರುಬೆರಳಿಗೆ ಒಂದು ನರಹುಲಿ ಎದ್ದಿತ್ತು. ಕೀಬೋರ್ಡ್ ಒತ್ತಿದಾಗೆಲ್ಲ ತಾಗುತ್ತಿತ್ತು. ಡಾಕ್ಟರು ಸುಟ್ಟರು, ಮತ್ತೆ ಬಂತು. ಮುಲಾಮು ಕೊಟ್ಟರು, ಅದಕ್ಕೆ ಪುಷ್ಟಿ ಸಿಕ್ಕಂತಾಯಿತು. ಅತ್ತೆ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಆ ಟ್ಯೂಬ್ ಬಿಸಾಕು ಅತ್ಲಾಗೆ," ಎಂದರು. ಮುಂದೇನೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಸಾರಿಗೆ ಉಪ್ಪು ಹಾಕಲು ಹೋದರೆ ಹರಳುಪ್ಪಿನ ಜಾಡಿಯಲ್ಲಿ ತಳದ ಪುಡಿಯಷ್ಟೇ ಉಳಿದಿತ್ತು. ಅತ್ತೆ ಆಗತಾನೆ ಆಟೋ ಇಳಿದು ಬಂದಿದ್ದರು. ಸೀರೆಯ ಅಂಚು ಒದ್ದೆಯಾಗಿತ್ತು.

"ಎಲ್ಲಿಗೆ ಹೋಗಿದ್ರಿ ಅತ್ತೆ?"

"ಎಲ್ಲಿಗೂ ಇಲ್ಲ."

"ಉಪ್ಪು ಖಾಲಿಯಾಗಿದೆ."

"ತರ್ಸಾನ ಬಿಡು," ಎಂದು ಒಳಗೆ ಹೋದರು. ನಮ್ಮತ್ತೆ ಮಾತಿಗೆ ಇಷ್ಟು ಜಿಪುಣತನ ತೋರಿಸಿದ್ದು ನಾನು ನೋಡಿರಲಿಲ್ಲ. ಅಂಗಡಿಯಿಂದ ಪ್ಯಾಕೆಟ್ ಉಪ್ಪು ತಂದು ಸಾರು ಮುಗಿಸಿದೆ.

*

"ತನುಜಾ, ನಿಮ್ಮದೊಂದು ಸಹಿ ಬಾಕಿ ಇದೆ," ಎಂದರು ಜಯತೀರ್ಥ. ಅವರು ನಮ್ಮ ಮುಖ್ಯಸ್ಥರು. ಒಳ್ಳೆಯ ಮನುಷ್ಯ, ಪರದೆಯ ಮೇಲಿಲ್ಲದ ಯಾವುದನ್ನೂ ನಂಬದಿರುವುದೊಂದು ಬಿಟ್ಟರೆ ದೋಷವಿಲ್ಲ. "ಬಸರೀಮಡು ಪೈಪ್. ಪೈಪುಗಳೆಲ್ಲ ಬಂದು ಅಂಗಳದಲ್ಲಿ ಬಿದ್ದಿವೆ. ಬೇಸಿಗೆ ಮುಗಿಯುವುದರೊಳಗೆ ಹೂಳಬೇಕು."

ಮೇಲಿನ ಡಬ್ಬಿ ಸೆಕೆಂಡಿಗೆ ಅರವತ್ತು ಲೀಟರ್ ಎನ್ನುತ್ತಿತ್ತು, ಮಡುವಿನ ಡಬ್ಬಿ ನಲವತ್ತೈದು. ಬಸರೀಮಡುವಿನ ನೆಲ ಹದಿನೈದು ಲೀಟರ್ ನುಂಗುತ್ತಿದೆ ಎಂದಾಯಿತು. ನನ್ನನ್ನು ತಡೆದದ್ದು ಆ ಅಂಕಿಯಲ್ಲ, ಅದು ನಡೆದುಕೊಳ್ಳುತ್ತಿದ್ದ ರೀತಿ. ಮೊದಲು ಅಲ್ಲಿ ನಷ್ಟ ಅಲ್ಪಸ್ವಲ್ಪ ಇತ್ತು, ಭಾನುವಾರಗಳಂದು ತುಸು ಜಾಸ್ತಿ. ಪೈಪ್ ಹಾಕುತ್ತೇವೆಂದು ನಾವು ನೋಟಿಸ್ ಕೊಟ್ಟ ವಾರದಿಂದ ಅದು ಇದ್ದಕ್ಕಿದ್ದ ಹಾಗೆ ಏರಿತ್ತು. ನೆಲಕ್ಕೆ ನೋಟಿಸ್ ಓದಲು ಬರುತ್ತದೆಯೇ?

"ಅದರಲ್ಲೇನಿದೆ ಆಶ್ಚರ್ಯ?" ಎಂದರು ಜಯತೀರ್ಥ. "ಹೇಗೂ ಪೈಪ್ ಬರುತ್ತೆ, ಇರುವಷ್ಟು ದಿನ ಎತ್ತಿಕೊಂಡುಬಿಡೋಣ ಅಂತ ಕದ್ದು ಮೋಟಾರು ಇಟ್ಟಿದ್ದಾರೆ."

ಆಗ ಮೇಲಿಂದ ಒಂದು ದನಿ ಬಂತು. ಬಾಲ್ಕನಿಯ ಕಟಕಟೆಗೆ ಒರಗಿ ನಿಂತಿದ್ದ ಹೆಂಗಸು ಬಸರೀಮಡುವಿನ ಹಳ್ಳ ಸಮಿತಿಯ ಅಧ್ಯಕ್ಷೆ ರಾಮಾಂಜಿನಮ್ಮ.

"ಏನ್ ಸ್ವಾಮಿ, ಕದ್ದು ಮೋಟ್ರಾ? ಬಂದ್ ನೋಡಿ! ನಮ್ ಹಳ್ಳ ನಮ್ ಕಣ್ಮುಂದೆ ತುಂಬಿ ಹರೀತೈತೆ, ನಿಮ್ ಪರದೇಲಿ ಮಾತ್ರ ಬತ್ತೋಗೈತೆ. ಪೈಪ್ ಹಾಕ್ಬೇಕಾದ್ರೆ ಪರದೆಗೆ ಹಾಕ್ರಿ!"

ಕಡ್ಲೆಕಾಯಿ ತಿನ್ನುತ್ತಿದ್ದ ನಾಲ್ಕು ಜನ ಚಪ್ಪಾಳೆ ತಟ್ಟಿದರು. ಜಯತೀರ್ಥರು ಕನ್ನಡಕ ಒರೆಸಿಕೊಂಡರು. ನಾನು ತಲೆಯೆತ್ತಿ, "ಮಂಗಳವಾರ ಬರ್ತೀನಮ್ಮ," ಎಂದೆ.

ಮಂಗಳವಾರವೇ ಯಾಕೆಂದರೆ ಅಂದು ಲೈನ್ ರಿಪೇರಿಗೆಂದು ಎರಡೂ ಊರಿನ ಕರೆಂಟ್ ತೆಗೆಯುವವರಿದ್ದರು. ಕಳ್ಳ ಮೋಟಾರಿದ್ದರೂ ಅಂದು ಓಡುವುದಿಲ್ಲ. ಮಳೆಯೂ ಇರಲಿಲ್ಲ. ಉಗ್ರಾಣದಲ್ಲಿ ಧೂಳು ಹಿಡಿದಿದ್ದ ಹಳೆಯ ಹರಿವುಮಾಪಕವನ್ನು ಎತ್ತಿಕೊಂಡೆ: ಒಂದು ಕೋಲು, ಅದರ ತುದಿಯಲ್ಲಿ ಸಣ್ಣ ಬಟ್ಟಲುಗಳ ಚಕ್ರ. ನೀರು ಜೋರಾಗಿ ಹರಿದರೆ ಚಕ್ರ ಜೋರಾಗಿ ತಿರುಗುತ್ತದೆ. ಅದಕ್ಕೆ ಉಪ್ಪೂ ಬೇಡ, ಕಾನೂನೂ ಬೇಡ.

*

ರಾಮಾಂಜಿನಮ್ಮ ಸೀರೆ ಎತ್ತಿಕಟ್ಟಿ ತಾವೇ ಟೇಪು ಹಿಡಿದು ಆಚೆ ದಡಕ್ಕೆ ಹೋದರು. ಬೇರೆ ಯಾರಿಗೂ ಬಿಡಲಿಲ್ಲ. ಅಡ್ಡಲಾಗಿ ಟೇಪು ಎಳೆದು, ಹಳ್ಳದ ಅಗಲವನ್ನು ಸಣ್ಣ ಸಣ್ಣ ಭಾಗ ಮಾಡಿ, ಒಂದೊಂದು ಭಾಗದಲ್ಲೂ ಆಳ ನೋಡಿ, ಚಕ್ರದ ಸುತ್ತು ಎಣಿಸಿ, ಗುಣಿಸಿ, ಕೂಡಿಸುವುದು. ತಣ್ಣನೆಯ ನೀರಿನಲ್ಲಿ ನಿಂತು ಮಾಡುವ ಈ ಕೆಲಸ ನನಗೆ ಇಷ್ಟವಾಯಿತು. ಪರದೆಯ ಮುಂದೆ ಕೂತು ಕೂತು, ಹಳ್ಳಕ್ಕೆ ಸದ್ದಿದೆ ಎಂಬುದನ್ನೇ ಮರೆತಿದ್ದೆ.

ಮೇಲಿನ ಡಬ್ಬಿಯ ಹತ್ತಿರ ಅರವತ್ತು. ಡಬ್ಬಿಯೂ ಅಷ್ಟೇ ಹೇಳುತ್ತಿತ್ತು. ಮಡುವಿನ ಹತ್ತಿರ ಅರವತ್ತಾರು. ಡಬ್ಬಿ ನಲವತ್ತೈದು ಎನ್ನುತ್ತಿತ್ತು. ನಾನು ಮತ್ತೊಮ್ಮೆ ಅಳೆದೆ. ಮತ್ತೆ ಅರವತ್ತಾರು.

"ಏನಂತೆ?" ಎಂದರು ರಾಮಾಂಜಿನಮ್ಮ ಆಚೆ ದಡದಿಂದ.

"ನಿಮ್ಮ ನೆಲ ನುಂಗ್ತಿಲ್ಲಮ್ಮ. ಕೊಡ್ತಿದೆ."

ಅವರು ಟೇಪು ಬಿಟ್ಟು ದಡದ ಮೇಲೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತು ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು. ಆಮೇಲೆ ಎದ್ದು, "ಅದನ್ನೇ ನಾನ್ ಬಡ್ಕಂಡಿದ್ದು," ಎಂದು ಬೈದರು.

ಕೋರಿಪಾಳ್ಯ ದಾಟಿ ಕೆಳಗಿನ ಡಬ್ಬಿಯ ಹತ್ತಿರವೂ ಅಳೆದೆವು. ಅಲ್ಲಿ ಐವತ್ತೈದು, ಡಬ್ಬಿಯೂ ಐವತ್ತೈದು. ಮೇಲಿನದು ಸರಿ, ಕೆಳಗಿನದು ಸರಿ, ನಡುವಿನದೊಂದು ಸುಳ್ಳು. ನಡುವಿನ ಒಂದು ಅಂಕಿ ಸುಳ್ಳಾದರೆ ಎರಡು ಊರಿನ ಲೆಕ್ಕ ತಲೆಕೆಳಗಾಗುತ್ತದೆ. ಡಬ್ಬಿಯ ಪ್ರಕಾರ ನೀರು ನಲವತ್ತೈದರಿಂದ ಐವತ್ತೈದಕ್ಕೆ ಏರಿ, ಕೋರಿಪಾಳ್ಯದ ನೆಲ ಹತ್ತು ಲೀಟರ್ ಕೊಡುತ್ತಿತ್ತು. ನಿಜವಾಗಿ ಅದು ಅರವತ್ತಾರರಿಂದ ಐವತ್ತೈದಕ್ಕೆ ಇಳಿಯುತ್ತಿತ್ತು. ಹನ್ನೊಂದು ಲೀಟರ್ ನಮ್ಮೂರ ಮರಳಿನೊಳಗೆ ಹೋಗುತ್ತಿತ್ತು.

ನುಂಗೂರು ನಮ್ಮದು. ಅತ್ತೆಯ ಬಾವಿ ತಳ ತೋರಿಸದೆ ಇದ್ದದ್ದು ನೆಲ ಕೊಡುತ್ತಿದ್ದುದರಿಂದಲ್ಲ, ಹಳ್ಳ ಸೋರುತ್ತಿದ್ದುದರಿಂದ. ನನಗೆ ಭಯವಾಯಿತು. ವಿಜ್ಞಾನಿಯ ಕುತೂಹಲ ಗಿತೂಹಲ ಏನೂ ಅಲ್ಲ, ಬರೀ ಭಯ. ಲೋಹಿತನ ಕಪ್ಪು ಕವರುಗಳ ಸಾಲು ಕಣ್ಣಮುಂದೆ ಬಂತು.

*

ಮಡುವಿಗೆ ವಾಪಸು ಬಂದೆವು. ಅಲ್ಲಿ ಹಳ್ಳ ಎರಡು ಬಂಡೆಗಳ ನಡುವೆ ನುಗ್ಗಿ, ಧುಮುಕಿ, ಸುಳಿ ತಿರುಗಿ ಮುಂದೆ ಹೋಗುತ್ತದೆ. ದಡದಲ್ಲಿ ಬಸರೀಮರ, ಬುಡದಲ್ಲಿ ಅರಿಶಿನ ಬಳಿದ ಕಲ್ಲು. ಡಬ್ಬಿ ಉಪ್ಪುನೀರು ಬಿಡುವುದು ಬಂಡೆಗಳ ಮೇಲುಗಡೆ, ತಂತಿ ಇರುವುದು ಸುಳಿಯ ಕೆಳಗಡೆ. ನೀರು ಇಲ್ಲಿ ಚೆನ್ನಾಗಿ ಕಲಸುತ್ತದೆಂದು ನಾನೇ ಈ ಜಾಗ ಆರಿಸಿದ್ದೆ. ಡಬ್ಬಿ ತೆರೆದು ನೋಡಿದೆ. ತಂತಿ ಸರಿಯಿತ್ತು, ನಳಿಕೆ ಸರಿಯಿತ್ತು, ದ್ರಾವಣ ಬೀಳುವ ವೇಗ ಸರಿಯಿತ್ತು. ನೀರು ಮಾತ್ರ ತಂತಿಗೆ ಬೇಕಾದ್ದಕ್ಕಿಂತ ಉಪ್ಪಾಗಿತ್ತು.

ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟೆ. ಕಾಲಿಗೆ ಏನೋ ಮೆತ್ತಗೆ ತಾಗಿತು. ಬಗ್ಗಿ ನೋಡಿದರೆ ಕಲ್ಲಿನ ಸಂದಿಯಲ್ಲಿ ಒಂದು ಬಟ್ಟೆಯ ಗಂಟು. ಪಕ್ಕದಲ್ಲಿ ಇನ್ನೊಂದು. ಆಚೆ ಬಂಡೆಯ ಅಡಿಯಲ್ಲಿ ಸಾಲಾಗಿ ಇನ್ನಷ್ಟು, ಕೆಂಪು, ಬಿಳಿ, ಹೂವಿನ ಚಿತ್ರದ್ದು. ಒಂದನ್ನು ಎತ್ತಿ ಹಿಂಡಿದೆ. ಒಳಗೆ ಹರಳು ಹರಳಾಗಿತ್ತು. ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ.

"ಅಯ್ಯೋ, ಮುಟ್ಬ್ಯಾಡ ಕಣವ್ವ!" ರಾಮಾಂಜಿನಮ್ಮ ಗಾಬರಿಯಾದರು. "ಒಬ್ರು ಹಾಕಿದ್ದನ್ನ ಇನ್ನೊಬ್ರು ಎತ್ತಿದ್ರೆ ಎತ್ತಿದೋರಿಗೇ ನರೂಲಿ ಏಳ್ತಾವೆ."

"ಇದೇನಮ್ಮ ಇದು?"

"ಈ ಮಡುವಿನ್ ತಾಯಿ ಮಡಮ್ಮಂಗೆ ಹಾಕೋದು. ನರೂಲಿ ಎದ್ರೆ ಉಪ್ಪು ಗಂಟು ಕಟ್ಟಿ ಇಲ್ಲಿ ಬಿಟ್ಟು, ತಿರುಗಿ ನೋಡ್ದಂಗೆ ಹೋಗ್ಬೇಕು. ಉಪ್ಪು ಕರಗ್ದಂಗೆ ಅದೂ ಕರಗ್ತೈತೆ. ಸುತ್ತೂರೋರೆಲ್ಲ ಬತ್ತಾರೆ, ಭಾನ್ವಾರ ಬತ್ತಾರೆ. ನೀರು ಧುಮುಕ್ತೈತಲ್ಲ, ಬ್ಯಾಗ ಕರಗ್ತೈತೆ."

"ಇಷ್ಟೊಂದು ಜನಕ್ಕೆ ನರಹುಲಿ ಇದೆಯೇ?"

ಅವರು ಬಸರೀಮರದ ಕಡೆ ನೋಡಿದರು. "ನರೂಲಿ ಒಂದೇ ಅಲ್ಲ. ಕಷ್ಟ ಯಾವ್ದಾದ್ರೂ ಸರಿ. ನಿಮ್ ನೋಟಿಸ್ ಬಂತಲ್ಲ..."

ಅಲ್ಲಿಗೇ ನಿಲ್ಲಿಸಿದರು. ನನಗೆ ಉಳಿದದ್ದು ತಾನಾಗಿ ಹೊಳೆಯಿತು. ಹಳ್ಳ ಕೈಬಿಟ್ಟುಹೋಗುವ ಕಷ್ಟ ಕರಗಲಿ ಎಂದು ಊರಿಗೆ ಊರೇ ದಿನಾ ಉಪ್ಪು ಹಾಕುತ್ತಿತ್ತು. ಉಪ್ಪು ಕರಗಿದಷ್ಟೂ ತಂತಿಗೆ ಹಳ್ಳ ಬತ್ತಿದಂತೆ ಕಾಣುತ್ತಿತ್ತು. ಬತ್ತಿದಂತೆ ಕಂಡಷ್ಟೂ ನಮ್ಮ ಎಚ್ಚರಿಕೆ ಜೋರಾಗುತ್ತಿತ್ತು, ಎಚ್ಚರಿಕೆ ಜೋರಾದಷ್ಟೂ ಉಪ್ಪು ಬೀಳುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಮ್ಮ, ಈ ಡಬ್ಬಿಯೊಳಗೆ ಇರುವುದೂ ಉಪ್ಪುನೀರೇ," ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ, ಚೊಂಬು, ಹಂಡೆ ಸಮೇತ.

ಅವರು ಡಬ್ಬಿಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದರು. "ಟ್ರೇ-ಸರ್-ದ್ರಾ-ವಣ. ಇದು ಉಪ್ಪಾ? ಥೂ ನಿಮ್ಮ! ಮೊದ್ಲೇ ಉಪ್ಪು ಅಂದಿದ್ರೆ ನಾವೇ ಹೇಳ್ತಿರ್ಲಿಲ್ವಾ?" ಆಮೇಲೆ ತಮ್ಮನ್ನು ತಾವೇ ತಿದ್ದಿಕೊಂಡರು. "ಅಂದ್ರೆ, ಹಾಕ್ದೋರು ಹೇಳಂಗಿಲ್ಲ. ಹೇಳಿದ್ರೆ ಹರ್ಕೆ ಕೆಡ್ತೈತೆ. ಹಾಕ್ದೆ ಇರೋರು ಹೇಳ್ತಿದ್ರು."

"ಹಾಕದೆ ಇರುವವರು ಯಾರಿದ್ದಾರೆ?"

ಸ್ವಲ್ಪ ಯೋಚಿಸಿದರು. "ಯಾರೂ ಇಲ್ಲ ಬಿಡು."

ಗಂಟುಗಳನ್ನು ತೆಗೆದರೆ ಒಂದು ದಿನದೊಳಗೆ ಡಬ್ಬಿ ನಿಜ ಹೇಳುತ್ತದೆ. ಬಸರೀಮಡು ಹಸಿರಾಗುತ್ತದೆ, ಕೋರಿಪಾಳ್ಯ ಕೆಂಪಾಗುತ್ತದೆ. ತೆಗೆಯದಿದ್ದರೆ? ಕೈಯಲ್ಲಿ ಅಳೆದದ್ದನ್ನು ಕಾನೂನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಡಬ್ಬಿಯ ಮಾತೇ ಮಾತು. ನಾನು ಎದ್ದು ಮನೆಗೆ ಹೋದರೆ ಸಾಕಿತ್ತು. ರಾಮಾಂಜಿನಮ್ಮ ಆ ಗಂಟುಗಳನ್ನು ಮುಟ್ಟುವವರಲ್ಲ, ಅವರ ಊರಿನ ಯಾರೂ ಮುಟ್ಟುವವರಲ್ಲ. ಇದನ್ನೆಲ್ಲ ನಾನು ಯೋಚಿಸಿದೆ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಬಕೆಟ್ ಇದ್ದರೆ ಕೊಡಿ," ಎಂದೆ. "ನನಗೆ ಆಗಲೇ ಒಂದಿದೆ. ಇನ್ನೊಂದು ಎದ್ದರೆ ಜೋಡಿಯಾಗುತ್ತೆ."

ನೀರಿಗೆ ಇಳಿದು ಒಂದೊಂದಾಗಿ ಎತ್ತಿದೆ. ರಾಮಾಂಜಿನಮ್ಮ ದಡದಲ್ಲಿ ಬಕೆಟ್ ಹಿಡಿದು, ಪ್ರತಿ ಗಂಟಿಗೂ ಮಡಮ್ಮನಿಗೆ ತಪ್ಪಾಯಿತೆಂದು ಹೇಳುತ್ತಿದ್ದರು. ಎರಡನೆಯ ಬಕೆಟ್ಟಿನ ಕೊನೆಯಲ್ಲಿ, ಒಳಗಿನ ಉಪ್ಪೆಲ್ಲ ಕರಗಿಹೋಗಿದ್ದ ನೀಲಿ ಬಟ್ಟೆಯ ಒಂದು ಗಂಟು ಸಿಕ್ಕಿತು. ಆ ನೀಲಿ ನನಗೆ ಗೊತ್ತಿತ್ತು. ನನ್ನ ಹಳೇ ಚೂಡಿದಾರದ ದುಪಟ್ಟ. ಅದನ್ನು ಹರಿದು ನರ್ಸರಿಯ ಕಸಿಗಳಿಗೆ ಕಟ್ಟಲು ಇಟ್ಟುಕೊಂಡಿದ್ದವರು ನಮ್ಮತ್ತೆ. ಎರಡು ಸಲ ಸುತ್ತಿ ಬಿಗಿದ ಗಂಟು ಕೂಡ ಅವರದೇ. ನನ್ನ ಬೆರಳಿಗೆಂದು ಇಷ್ಟು ದೂರ ಬಂದು, ಒದ್ದೆಯಾಗಿ, ತಿರುಗಿ ನೋಡದೆ ಹೋಗಿದ್ದರು. ಅದನ್ನೂ ಬಕೆಟ್ಟಿಗೆ ಹಾಕಿದೆ.

*

ಮಾರನೆಯ ದಿನ ಬಾಲ್ಕನಿ ಭರ್ತಿ. ಬಸರೀಮಡುವಿನವರು ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಪರದೆಯ ಮೇಲೆ ಅವರ ಊರು ಕಂದಿ, ಬೂದುಬಣ್ಣವಾಗಿ, ಮಧ್ಯಾಹ್ನದ ಹೊತ್ತಿಗೆ ಹಸಿರಿಗೆ ತಿರುಗಿತು. ಶಿಳ್ಳೆ ಬಿತ್ತು. ಆ ಟಾಕೀಸಿನಲ್ಲಿ ಶಿಳ್ಳೆ ಬಿದ್ದು ಬಹಳ ಕಾಲವಾಗಿತ್ತು. ಅದೇ ಹೊತ್ತಿಗೆ ಕೆಳಗಿನ ತುಂಡು ಕೆಂಪಾದದ್ದನ್ನು ಯಾರೂ ಗಮನಿಸಲಿಲ್ಲ. ಜಯತೀರ್ಥರು ಗಮನಿಸಿದರು.

"ಅದು ನಿಮ್ಮೂರಲ್ಲವೇ?"

"ಹೌದು ಸರ್."

"ಡಬ್ಬಿಯೇ ಹೀಗೆ ಹೇಳಿದ ಮೇಲೆ ಎರಡೂ ಬೇಸಿಗೆಯ ಅಂಕಿಗಳನ್ನು ತಿದ್ದಬೇಕಾಗುತ್ತದೆ. ತಿದ್ದಿದರೆ ಎರಡೂ ಬೇಸಿಗೆ ಕೆಂಪು."

"ಸರ್, ಅಲ್ಲಿ ಸೋರುವ ನೀರು ಎಲ್ಲಿಗೂ ಮಾಯವಾಗುವುದಿಲ್ಲ. ಬಾವಿಗಳಿಗೆ ಹೋಗುತ್ತದೆ. ಊರು ಅದನ್ನೇ ಕುಡಿಯುತ್ತದೆ. ಅದನ್ನು ನಷ್ಟ ಅನ್ನುವುದು ಹೇಗೆ? ಪೈಪ್ ಹಾಕುವ ಮುಂಚೆ ಬಾವಿಗಳನ್ನು ಅಳೆಯಬೇಕು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ದನಿಯಲ್ಲಿ ಕೊಂಕಿರಲಿಲ್ಲ. "ಒಳ್ಳೆಯ ಪ್ರಶ್ನೆ. ಬಸರೀಮಡುವಿನ ಸರದಿ ಇದ್ದಾಗ ಇದನ್ನು ಯಾಕೆ ಕೇಳಲಿಲ್ಲ?"

ಮೇಲೆ ಇನ್ನೂ ಶಿಳ್ಳೆ ಹೊಡೆಯುತ್ತಿದ್ದರು. ಬಾವಿಗಳನ್ನು ಅಳೆಯಬೇಕೆಂಬ ನನ್ನ ಸಲಹೆಯನ್ನು ಅವರು ಮೇಲಕ್ಕೆ ಕಳಿಸಿದರು. ಅದು ಈಗಲೂ ಮೇಲೆಯೇ ಇದೆ. ಅಂಗಳದಲ್ಲಿದ್ದ ಪೈಪುಗಳು ಮಾತ್ರ ಕೋರಿಪಾಳ್ಯಕ್ಕೆ ಹೊರಟವು.

*

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಲೋಹಿತ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಎಷ್ಟು ದಿನಕ್ಕೆ ಇಳಿಯುತ್ತೆ ಬಾವಿ?" ಎಂದ.

"ಒಂದು ಬೇಸಿಗೆ ತಡೆಯಬಹುದು."

"ಮಾವಿನ ಕಸಿಗಳನ್ನ ಬೇಗ ಸಾಗಿಸ್ಬೇಕು ಹಾಗಾದ್ರೆ," ಎಂದಷ್ಟೇ ಹೇಳಿ ಎದ್ದು ಹೋದ. ಅವನು ಜಗಳ ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಅತ್ತೆ ಒಲೆಯ ಮುಂದೆ ನಿಂತೇ ಕೇಳಿಸಿಕೊಂಡಿದ್ದರು. ಅವರಿಗೆ ಲೀಟರುಗಳ ಲೆಕ್ಕ ಬೇಕಿರಲಿಲ್ಲ, ಕೊಡುವ ನೆಲ ನುಂಗುವ ನೆಲವಾದದ್ದು ನೋವಾಗಿತ್ತು. ಸೌಟು ಆಡಿಸುತ್ತಾ, ಮಡುವಿನ ವಿಷಯ ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು:

"ಅಲ್ಲ ಕಣೆ ತನೂ, ಅಲ್ಲಿ ಉಪ್ಪು ಬಿದ್ದಿದ್ದಕ್ಕೆ ಅವ್ರೂರು ಕೆಂಪಾಗಿ ನಮ್ಮೂರು ಹಸ್ರಾಗಿತ್ತು ಅಂತೀಯ. ಹಂಗಾದ್ರೆ ಈಗ ಎಲ್ಲಿ ಹಾಕ್ಬೇಕು ಉಪ್ಪು?"

ಎಲ್ಲಿ, ಎಷ್ಟು, ಯಾವ ಹೊತ್ತಿಗೆ ಎಂಬುದು ನನ್ನಷ್ಟು ಚೆನ್ನಾಗಿ ಗೊತ್ತಿದ್ದವರು ಈ ಜಿಲ್ಲೆಯಲ್ಲಿ ಇರಲಿಲ್ಲ.

"ಸಾರಿಗೆ ಹಾಕಿ ಅತ್ತೆ," ಎಂದೆ.

ಅವರು ನನ್ನ ಮುಖ ನೋಡಿದರು. ಜಾಡಿಯಿಂದ ಒಂದು ಚಿಟಿಕೆ ತೆಗೆದು ಸಾರಿಗೆ ಹಾಕಿ, ಮುಚ್ಚಳ ಮುಚ್ಚಿದರು.

*

ಈಗ ಕೋರಿಪಾಳ್ಯದಲ್ಲಿ ಹಳ್ಳ ಪೈಪಿನೊಳಗೆ ಹೋಗುತ್ತದೆ. ಸದ್ದಿಲ್ಲ. ಬಾವಿಯಲ್ಲಿ ನಾನು ನೋಡಿರದ ಮೆಟ್ಟಿಲುಗಳು ಕಾಣತೊಡಗಿವೆ. ಬಸರೀಮಡುವಿನವರು ಮಡುವಿನ ಬಂಡೆಗೆ ಬಿಳಿಯ ಗೆರೆ ಬಳಿದಿದ್ದಾರೆ; ಉಪ್ಪಿನ ಗಂಟುಗಳೆಲ್ಲ ಗೆರೆಯ ಕೆಳಗೆ, ತಂತಿ ದಾಟಿದ ಮೇಲೆ. ರಾಮಾಂಜಿನಮ್ಮ ಒತ್ತಾಯ ಮಾಡಿ ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ 'ಉಪ್ಪುನೀರು' ಎಂದು ಬರೆಸಿದ್ದಾರೆ.

ನಾನೂ ಡಬ್ಬಿಯಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಅದು ಈಗ ಉಪ್ಪುನೀರನ್ನು ಒಂದೇ ಸಮನೆ ಬಿಡುವುದಿಲ್ಲ, ಒಂದು ತಾಳಕ್ಕೆ ಬಿಡುತ್ತದೆ. ತಾಳಕ್ಕೆ ಸರಿಯಾಗಿ ಬಂದ ಉಪ್ಪು ಯಂತ್ರದ್ದು, ತಾಳ ತಪ್ಪಿದ್ದು ಜನರದ್ದು. ಜನರ ಉಪ್ಪು ಪರದೆಯ ಅಡಿಯಲ್ಲಿ ಬೇರೆಯೇ ಒಂದು ತೆಳು ಗೆರೆಯಾಗಿ ಹೋಗುತ್ತದೆ. ಅದರಿಂದ ಯಾವ ಊರಿನ ಬಣ್ಣವೂ ಬದಲಾಗುವುದಿಲ್ಲ. ಇದನ್ನು ಮನೆಯಲ್ಲೂ ಹೇಳಿದ್ದೇನೆ.

ಕಳೆದ ಭಾನುವಾರ ನನ್ನ ಪಾಳಿಯಿತ್ತು. ಬೆಳಗಿನ ಹೊತ್ತು, ಎಷ್ಟೋ ದಿನಗಳಿಂದ ಸಪಾಟಾಗಿದ್ದ ಆ ತೆಳು ಗೆರೆ ಒಂದಿಷ್ಟು ಉಬ್ಬಿ, ಮೆಲ್ಲಗೆ ಇಳಿಯಿತು. ಬಿಳಿ ಗೆರೆಯ ಮೇಲುಗಡೆ ಯಾರೋ ಉಪ್ಪು ಹಾಕಿದ್ದರು. ಲೆಕ್ಕ ಹಾಕಿದೆ. ಒಂದು ಹಿಡಿ, ಅದೂ ಸಣ್ಣ ಹಿಡಿ. ಕಂಪ್ಯೂಟರ್ ಇದನ್ನು ದೋಷವೆಂದು ಅಳಿಸಲೇ ಎಂದು ಕೇಳಿತು. ಬೇಡ ಎಂದು ಒತ್ತಿದೆ. ಒತ್ತುವಾಗ ನರಹುಲಿ ತಾಗಿತು.

ಮಧ್ಯಾಹ್ನ ಮನೆಗೆ ಬಂದರೆ ಅತ್ತೆ ಬಾವಿಕಟ್ಟೆಯ ಮೇಲೆ ಕೂತಿದ್ದರು. ಸೀರೆಯ ಅಂಚು ಇನ್ನೂ ಆರಿರಲಿಲ್ಲ. ನನ್ನ ಬೆರಳಿನ ಕಡೆ ಒಮ್ಮೆ ನೋಡಿದರು, ಬಾವಿಯ ಒಳಗೆ ಒಮ್ಮೆ ನೋಡಿದರು. ಉಪ್ಪು ಯಾವುದಕ್ಕೆ ಹಾಕಿದ್ದೆಂದು ನಾನು ಕೇಳಲಿಲ್ಲ. ಹಾಕಿದವರು ಹೇಳುವ ಹಾಗಿಲ್ಲ.